ದಿಬ್ಬಕ್ಕೆ ಹೇಳು

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆ ಕಟ್ಟಿದ ಪುಣ್ಯಾತ್ಮ, ಆ ದಾಯಾದಿಗಳಿಗೆ ಒಬ್ಬಳು ಅಕ್ಕ ಇದ್ದರೆ ಅವಳ ಗತಿಯೇನು ಎಂದು ಒಂದು ಮಾತು ಹೇಳದೆ ಹೋಗಿಬಿಟ್ಟ. ಹೇಳಿದ್ದರೆ ಹುಟ್ಟುವ ಮೊದಲೇ ಹುಷಾರಾಗಿರಬಹುದಿತ್ತು ಎಂದು ಅಕ್ಕ ಹೊಲಿಗೆ ಯಂತ್ರ ತುಳಿಯುತ್ತ ದಿನಕ್ಕೊಮ್ಮೆಯಾದರೂ ಅಂದುಕೊಳ್ಳುತ್ತಿದ್ದಳು.

ಅವಳ ಅಂಗಡಿ ಪೇಟೆ ಬೀದಿಯಲ್ಲಿ, ಬೀಗ ರಿಪೇರಿಯವನಿಗೂ ಚಪ್ಪಲಿ ಅಂಗಡಿಗೂ ನಡುವೆ, ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗದಲ್ಲಿ ಇತ್ತು. ಹೊಸ ಬಟ್ಟೆ ಹೊಲಿಯುವುದು ಕಡಿಮೆ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಬಿಚ್ಚಿ ಸಡಿಲಿಸುವುದು, ಕೆಟ್ಟ ಜಿಪ್ಪು ಕಿತ್ತು ಹೊಸದು ಹಾಕುವುದು, ಒಟ್ಟಿನಲ್ಲಿ ಬೇರೆಯವರು ಮಾಡಿದ ತಪ್ಪನ್ನು ತಿದ್ದುವ ಕೆಲಸ. ಅಂಗಡಿಯಲ್ಲೂ ಅದೇ, ಮನೆಯವರ ವಿಷಯದಲ್ಲೂ ಅದೇ. ಅಂಗಡಿಯಲ್ಲಾದರೆ ಜನ ಬಟ್ಟೆ ಹಿಡಿದು ಹೋಗುವಾಗ ಚೆನ್ನಾಗಿದೆ ಅನ್ನುತ್ತಿದ್ದರು.

ಆ ದಿನ ಒಬ್ಬರ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಾಗ ಫೋನು ಬಂತು. ಅಕ್ಕ ಅದನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು. ಚಿಕ್ಕ ತಮ್ಮ.

"ಅಕ್ಕಾ, ದೊಡ್ಡೋನಿಗೆ ಹೇಳು. ಅವನ ಹಸು ಮತ್ತೆ ದಿಬ್ಬ ಹತ್ತಿ ಈ ಕಡೆ ಬಂದು ಮೇಯ್ತಾ ಇದೆ."

"ಅವನೆಲ್ಲಿದಾನೆ?"

"ಆ ಕಡೆ ನಿಂತಿದಾನೆ. ಕೂಗಿದ್ರೆ ಕೇಳುತ್ತೆ."

"ಮತ್ತೆ ಕೂಗಿ ಸಾಯೋ! ಹತ್ತು ಮೈಲಿ ಆಚೆ ಕೂತಿರೋ ನನಗ್ಯಾಕೆ ಫೋನು?"

"ದಿಬ್ಬಕ್ಕೆ ಹೇಳಿದೆ. ಅವನು ಕೇಳಿಸ್ಕೊಂಡೂ ಕೇಳಿಸದ ಹಾಗೆ ಇದಾನೆ."

ಅಕ್ಕ ಫೋನು ಕೆಳಗಿಟ್ಟು, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, ಎದುರಿಗೆ ನಿಂತಿದ್ದ ಗಿರಾಕಿಯನ್ನು ನೋಡಿ, "ನಿಮಗೆ ತಮ್ಮಂದಿರಿದಾರಾ?" ಎಂದು ಕೇಳಿದಳು. ಇಲ್ಲ ಅಂದರು. "ಪುಣ್ಯವಂತರು" ಅಂದಳು.

ದಿಬ್ಬಕ್ಕೆ ಹೇಳುವುದು ಅಂದರೆ ಏನು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ, ತಿಳಿದರೆ ನಗುತ್ತಾರೆ. ದೊಡ್ಡವನ ಹೊಲಕ್ಕೂ ಚಿಕ್ಕವನ ಹೊಲಕ್ಕೂ ನಡುವೆ ಒಂದು ಉದ್ದನೆಯ ಮಣ್ಣಿನ ದಿಬ್ಬ. ಗುಡ್ಡದ ಬುಡದಿಂದ ಹೊರಟು ಕೆಳಗಿನ ತೊರೆಯವರೆಗೆ ಹೋಗುತ್ತದೆ. ಎತ್ತರ ಎದೆಯ ಮಟ್ಟ. ಪಕ್ಕದಲ್ಲಿ ಅರ್ಧ ಮುಚ್ಚಿಹೋದ ಒಂದು ತಗ್ಗು. ಮೇಲೆ ಹುಲ್ಲು. ಅಪ್ಪ ಹೊಲ ಪಾಲು ಮಾಡಿದಾಗ, "ಗಡಿ ಹುಡುಕೋ ತಾಪತ್ರಯ ಇಲ್ಲ, ಯಾರೋ ಆಗಲೇ ಹಾಕಿಟ್ಟಿದಾರೆ" ಎಂದು ಅದರ ಈಚೆಯದು ಒಬ್ಬನಿಗೆ, ಆಚೆಯದು ಇನ್ನೊಬ್ಬನಿಗೆ ಕೊಟ್ಟ. ಅಲ್ಲಿಗೆ ಎಲ್ಲ ಸರಿಯಾಗಿತ್ತು.

ಕೆಟ್ಟದ್ದು ಒಂದು ಏಣಿಯಿಂದ. ಚಿಕ್ಕವನು ಮನೆಯ ಮಾಡಿನ ಹಂಚು ಸರಿಮಾಡಲು ದೊಡ್ಡವನ ಏಣಿ ಎರವಲು ತಂದ. ಹತ್ತಿದ. ಮೇಲಿನ ಒಂದು ಮೆಟ್ಟಿಲು ಮುರಿದು ಕೆಳಗೆ ಬಿದ್ದ. ಮಂಡಿ ಚೂರಾಯಿತು. ಆಪರೇಷನ್ ಆಗಿ, ತಿಂಗಳುಗಟ್ಟಲೆ ಮಲಗಿ ಎದ್ದಾಗ ಕಾಲು ನೇರವಾಗಿಯೇ ನಿಂತುಬಿಟ್ಟಿತು, ಮಡಚುವಂತಿಲ್ಲ. ಮುರುಕು ಏಣಿ ಕೊಟ್ಟ ಎಂದು ಇವನು. ಗಟ್ಟಿ ಏಣಿ ಮುರಿದುಹಾಕಿದ ಎಂದು ಅವನು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹತ್ತು ವರ್ಷದ ಮೇಲಾಯಿತು.

ಆದರೆ ಒಕ್ಕಲುತನ ಮಾಡುವವರು ಮಾತಿಲ್ಲದೆ ಎಷ್ಟು ದಿನ ಇದ್ದಾರು? ನೀರು ತಿರುಗಿಸಬೇಕು, ಹಸು ಹೊಡೆಯಬೇಕು, ಕಾಡುಹಂದಿ ಬಂದರೆ ಎಬ್ಬಿಸಬೇಕು. ಒಂದು ದಿನ ಚಿಕ್ಕವನು ಊರುಗೋಲು ಹಿಡಿದು ಗಡಿಗೆ ಬಂದು, ಎದುರಿಗಿದ್ದ ಅಣ್ಣನನ್ನು ನೋಡದೆ, ತಲೆ ಬಗ್ಗಿಸಿ ಮಣ್ಣಿಗೆ ಅಂದ: "ಏ ದಿಬ್ಬ, ಆ ಕಡೆಯೋನಿಗೆ ಹೇಳು, ಸಂಜೆ ನೀರು ನನ್ನ ಕಡೆಗೆ ಬಿಡಬೇಕು ಅಂತ." ದೊಡ್ಡವನೂ ಮಣ್ಣಿಗೇ ಅಂದ: "ಬಿಡ್ತಾನಂತೆ ಅಂತ ಹೇಳು." ಅಲ್ಲಿಂದ ಶುರುವಾದದ್ದು. ಇಬ್ಬರ ಹೆಂಡಿರು ಅದೇ ದಿಬ್ಬದ ಮೇಲೆ ಕೂತು ತಲೆ ಬಾಚಿಕೊಳ್ಳುತ್ತ ಹರಟುತ್ತಿದ್ದರು, ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಈ ಗಂಡಸರು ಮಾತ್ರ, ನೆರೆತ ತಲೆ ಇಟ್ಟುಕೊಂಡು, ಮಣ್ಣಿನ ಹತ್ತಿರ ಮಾತಾಡುತ್ತಿದ್ದರು.

ಮಣ್ಣಿಗೆ ಹೇಳಲಾಗದ್ದು ಅಕ್ಕನಿಗೆ. ವಾರಕ್ಕೊಮ್ಮೆ ದೊಡ್ಡವನು ಫೋನು ಮಾಡಿ, ಮಳೆ ಬೆಳೆ ಎಲ್ಲ ಸುತ್ತಿ ಬಳಸಿ ಕೊನೆಗೆ ಅಲ್ಲಿಗೇ ಬರುತ್ತಿದ್ದ.

"ಕುಂಟೋದು ಹಾಗೇ ಇದೆಯಾ?"

"ನಿನ್ನ ಕಣ್ಣಿಗೇನಾಗಿದೆ? ದಿನಾ ನೋಡ್ತೀಯಲ್ಲ."

"ಚಳಿಗೆ ನೋವಿರುತ್ತಾ ಅಂತ."

"ಅವನನ್ನೇ ಕೇಳೋ, ಮಹರಾಯ."

"ಕೇಳಿದ್ರೆ ಏಣಿ ಮುರುಕು ಅಂತ ಒಪ್ಪಿಕೊಂಡ ಹಾಗಾಗುತ್ತೆ. ನಾನು ಕೇಳಿದೆ ಅಂತ ಹೇಳಬೇಡ. ನನ್ನಾಣೆ."

ಹೀಗೆ ಆಣೆ ಹಾಕಿಸಿಕೊಂಡು ಹಾಕಿಸಿಕೊಂಡು ಅಕ್ಕನ ಹೊಟ್ಟೆ ಉಬ್ಬಿಹೋಗಿತ್ತು.

ಅಂಥ ದಿಬ್ಬಕ್ಕೆ ಒಂದು ದಿನ ಮೇಡಂ ಬಂದರು. ಹಳೆಯ ಕಾಲದ್ದನ್ನು ಅಗೆದು ನೋಡುವ ಇಲಾಖೆಯವರು; ಊರವರು ಅಗೆಯೋ ಮೇಡಂ ಎಂದೇ ಕರೆದರು. ಟೋಪಿ, ಮಂಡಿಗೆ ಕಟ್ಟಿಕೊಂಡ ದಪ್ಪ ಬಟ್ಟೆ, ಕೈಯಲ್ಲಿ ಗಾರೆಯವರ ಕರಣೆ. ದಿಬ್ಬವನ್ನು ಒಂದು ಕಡೆ ಅಡ್ಡಡ್ಡ ಕತ್ತರಿಸಿ ಒಳಗಿನ ಪದರ ನೋಡಿದರು. ಅಕ್ಕನೂ ಒಂದು ಭಾನುವಾರ ಹೋಗಿ ನೋಡಿದಳು.

ಮೇಡಂ ಹೇಳಿದ್ದಿಷ್ಟು. ಇದು ಅಪ್ಪನ ಕಾಲದ್ದಲ್ಲ, ತಾತನ ಕಾಲದ್ದಲ್ಲ, ರಾಜರ ಕಾಲದ್ದೂ ಅಲ್ಲ. ಅಕ್ಷರ ಹುಟ್ಟುವುದಕ್ಕೂ ಹಿಂದೆ, ಜನ ಕಲ್ಲಿನ ಕೊಡಲಿ ಹಿಡಿದು ತಿರುಗುತ್ತಿದ್ದ ಕಾಲದಲ್ಲಿ ಹಾಕಿದ ಗಡಿ. ಆ ಕಡೆಯ ಹೊಲದ ಕೆಂಪು ಮಣ್ಣು ಒಂದು ಪದರ, ಈ ಕಡೆಯ ಹೊಲದ ಕಪ್ಪು ಮಣ್ಣು ಒಂದು ಪದರ, ಮತ್ತೆ ಕೆಂಪು, ಮತ್ತೆ ಕಪ್ಪು, ಬುಡದಿಂದ ತುದಿಯವರೆಗೆ ಹಾಗೇ.

"ಅಂದ್ರೆ ಎರಡೂ ಕಡೆಯವರು ಸರದಿ ಮೇಲೆ ಪುಟ್ಟಿ ಪುಟ್ಟಿ ಹಾಕಿದಾರೆ" ಎಂದರು ಮೇಡಂ.

"ಶತ್ರುಗಳು ಬರಬಾರದು ಅಂತಲಾ?" ಅಕ್ಕ ಕೇಳಿದಳು.

"ಇಷ್ಟು ಗಿಡ್ಡ ಗೋಡೆ ಯಾವ ಶತ್ರುವನ್ನ ತಡೆಯುತ್ತೆ? ಆಡು ಕೂಡ ಹಾರುತ್ತೆ. ತಡೆಯೋದಕ್ಕೆ ಅಲ್ಲ ಅನ್ನೋದು ಖಂಡಿತ. ಯಾತಕ್ಕೆ ಅನ್ನೋದು ಮಾತ್ರ ಗೊತ್ತಿಲ್ಲ. ಅದೇ ನನ್ನ ತಲೆ ತಿಂತಾ ಇರೋದು."

ಆಚೆಯಿಂದ ದೊಡ್ಡವನ ದನಿ ಬಂತು. "ಏ ದಿಬ್ಬ, ನೋಡ್ಕೋ ಅಂತ ಹೇಳು. ಕೆಂಪೇ ಜಾಸ್ತಿ ಇದೆ. ನಮ್ಮ ಕಡೆಯೋರೇ ಮೈ ಬಗ್ಗಿಸಿ ದುಡಿದಿರೋದು."

ಈಚೆಯಿಂದ ಚಿಕ್ಕವನು: "ಕೆಂಪು ಉದುರ್ತಾ ಇದೆ, ಕಪ್ಪು ಹಿಡ್ಕೊಂಡಿರೋದ್ರಿಂದ ನಿಂತಿದೆ ಅಂತ ಹೇಳು."

ಮೇಡಂ ಕರಣೆ ಹಿಡಿದುಕೊಂಡೇ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು. ಆಮೇಲೆ ಅಕ್ಕನನ್ನು ನೋಡಿದರು. ಅಕ್ಕ ಏನೂ ಕೇಳಿಸದವಳಂತೆ ಸೆರಗು ಕೊಡವಿಕೊಂಡಳು.

ತಾಪತ್ರಯ ಬಂದದ್ದು ಆಮೇಲೆ. ಗುಡ್ಡದಲ್ಲಿ ಕಲ್ಲು ಒಡೆಯುವ ಕ್ವಾರಿಯವರಿಗೆ ಲಾರಿ ರಸ್ತೆ ಬೇಕಿತ್ತು. ಗಡಿಯ ಮೇಲೆಯೇ ಹೋದರೆ ಯಾರ ಹೊಲವೂ ನಡುವೆ ತುಂಡಾಗುವುದಿಲ್ಲ ಎಂದು ದಿಬ್ಬವನ್ನು ನೆಲಸಮ ಮಾಡಿ ಅಲ್ಲೇ ರಸ್ತೆ ಎಳೆಯುವ ನಕ್ಷೆ ತಂದರು. ಮೇಡಂ ಓಡಾಡಿ ದಿಬ್ಬವನ್ನು ಉಳಿಸುವ ಏರ್ಪಾಟು ಮಾಡಿದರು. ಆದರೆ ಕಾನೂನು ಅಂದಮೇಲೆ ಒಂದು ಕೊಕ್ಕೆ ಇದ್ದೇ ಇರುತ್ತದೆ. ದಿಬ್ಬ ಎರಡು ಹೊಲದ ನಡುವೆ ಇರುವುದರಿಂದ ಎರಡೂ ಹೊಲದವರು ಒಂದೇ ದಿನ, ಒಂದೇ ಕೋಣೆಯಲ್ಲಿ, ಅಧಿಕಾರಿಯ ಮುಂದೆ ನಿಂತು ಒಪ್ಪಿಗೆ ಹೇಳಬೇಕು. ಇಲ್ಲವಾದರೆ ರಸ್ತೆ.

ಅಕ್ಕನಿಗೆ ಆ ರಾತ್ರಿ ಊಟ ಸೇರಲಿಲ್ಲ. ಹಳೆಯದು ಹೊಸದು ಅವಳಿಗೇನೂ ಆಗಬೇಕಿರಲಿಲ್ಲ. ಕಲ್ಲಿನ ಕೊಡಲಿಯವರು ಅವಳ ನೆಂಟರಲ್ಲ. ಆದರೆ ದಿಬ್ಬ ಹೋದರೆ ಆ ಇಬ್ಬರು ಯಾರ ಹತ್ತಿರ ಮಾತಾಡಬೇಕು? ಲಾರಿ ರಸ್ತೆಯ ಹತ್ತಿರವೇ? ನೀರು ಬಿಡು, ಹಸು ಹೊಡಿ ಎಂಬ ಎರಡು ಮಾತಾದರೂ ಉಳಿದಿದ್ದದ್ದು ಆ ಮಣ್ಣಿನ ಪುಣ್ಯದಿಂದ. ಅದೂ ಹೋದರೆ ಇನ್ನು ಒಬ್ಬನ ಹೆಣಕ್ಕೆ ಇನ್ನೊಬ್ಬ ಬಂದರೆ ಬಂದ. ತೊಟ್ಟಿಲಲ್ಲಿ ಹಾಕಿ ತೂಗಿದ ಇಬ್ಬರನ್ನು ಹಾಗೆ ನೋಡಲು ಅವಳಿಂದ ಆಗುತ್ತಿರಲಿಲ್ಲ.

ಮರುದಿನ ಅಂಗಡಿಗೆ ಬೀಗ ಹಾಕಿ ಮೊದಲು ದೊಡ್ಡವನ ಮನೆಗೆ ಹೋದಳು. ದೊಡ್ಡವನು ಜಗಲಿಯ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದ.

"ದಿಬ್ಬ ಇರಲೇಬೇಕು" ಅಂದ. "ಅದಿಲ್ಲದಿದ್ರೆ ಬೆಳಗೆದ್ದು ಅವನ ಮುಖ ನೋಡಬೇಕಾಗುತ್ತೆ."

"ಸದ್ಯ. ಅವನೂ ಅದನ್ನೇ ಅಂತಾನೆ" ಎಂದಳು ಅಕ್ಕ. ಎಂಥ ಬುದ್ಧಿವಂತೆ!

ಮಸೆಯುವುದು ನಿಂತಿತು. "ಏನಂದೆ? ಅವನಿಗೂ ಬೇಕಂತಾ?"

"ಹೂಂ."

"ಹಾಗಾದ್ರೆ ಇದರಲ್ಲಿ ಏನೋ ಇದೆ. ಅವನಿಗೆ ಬೇಕು ಅಂದ್ರೆ ನನಗೆ ಯಾಕೆ ಬೇಕು? ರಸ್ತೆನೇ ಆಗಲಿ ಬಿಡು."

ಅಕ್ಕ ಎದ್ದು, ದಿಬ್ಬ ಹತ್ತಿ ಇಳಿದು ಚಿಕ್ಕವನ ಮನೆಗೆ ಹೋದಳು. ಚಿಕ್ಕವನು ಒಂದು ಕಾಲು ನೇರಕ್ಕೆ ಚಾಚಿ ಬೆಂಚಿನ ಮೇಲೆ ಕೂತು ಬೀಜ ಆರಿಸುತ್ತಿದ್ದ. ಅವಳು ಬಾಯಿ ಬಿಡುವ ಮೊದಲೇ, "ದೊಡ್ಡೋನು ಏನಂದ?" ಎಂದು ಕೇಳಿದ. "ಮೊದಲು ಬೇಕು ಅಂದ, ಆಮೇಲೆ ಬೇಡ ಅಂದ" ಎಂದಳು. "ಹಾಗಾದ್ರೆ ಅವನು ಗಟ್ಟಿಯಾಗಿ ಒಂದು ಹೇಳಲಿ. ಆಮೇಲೆ ನಾನು ಅದರ ಉಲ್ಟಾ ಹೇಳ್ತೀನಿ" ಅಂದ. ನಗು ಕೂಡ ಇಲ್ಲ ಮುಖದಲ್ಲಿ.

ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಅಕ್ಕನ ಪಿತ್ತ ನೆತ್ತಿಗೇರಿತು. ಬಸ್ ನಿಲ್ದಾಣದ ಕಡೆಗೆ ಒಬ್ಬಳೇ ಬೈದುಕೊಂಡು ನಡೆದಳು. ಅರ್ಧ ದಾರಿಯಲ್ಲಿ ನಿಂತಳು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ತಾನೇ? ಅಲ್ಲೇ ನಿಂತು ಫೋನು ತೆಗೆದಳು.

ದೊಡ್ಡವನಿಗೆ: "ನೋಡಪ್ಪಾ, ನಾನು ತಪ್ಪು ತಿಳ್ಕೊಂಡಿದ್ದೆ. ಚಿಕ್ಕೋನಿಗೆ ದಿಬ್ಬ ಬೇಡವೇ ಬೇಡವಂತೆ. ಅಧಿಕಾರಿ ಮುಂದೆ ಬಂದು ಬೇಡ ಅಂತಾನಂತೆ."

"ಅದು ಹ್ಯಾಗೆ ಬೇಡ ಅಂತಾನೆ ನಾನೂ ನೋಡ್ತೀನಿ!"

ಚಿಕ್ಕವನಿಗೆ: "ದೊಡ್ಡೋನು ಗಟ್ಟಿ ಮಾಡ್ಕೊಂಡಿದಾನೆ ಕಣೋ. ರಸ್ತೆನೇ ಬೇಕಂತೆ."

"ಅವನಪ್ಪನ ಮನೆ ಗಂಟಾ? ನಾನೂ ಬರ್ತೀನಿ!"

ಅವನಪ್ಪ ಇವನಪ್ಪನೂ ಹೌದಲ್ಲ ಎಂದು ಅಕ್ಕ ಹೇಳಲು ಹೋಗಲಿಲ್ಲ.

ವಿಚಾರಣೆಯ ದಿನ ಇಬ್ಬರೂ ಒಗೆದ ಶರಟು ಹಾಕಿಕೊಂಡು, ಬೇರೆ ಬೇರೆ ಬಸ್ಸಿನಲ್ಲಿ ಬಂದರು. ಅಧಿಕಾರಿಯ ಕೋಣೆ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಚಿಕ್ಕವನು ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಕಾಲು ಎಳೆದುಕೊಂಡು ಹತ್ತಿದ. ಹಿಂದೆ ದೊಡ್ಡವನು. ಮುಂದೆ ದಾಟಿ ಹೋಗಬಹುದಿತ್ತು, ಹೋಗಲಿಲ್ಲ. ಪ್ರತಿ ತಿರುವಿನಲ್ಲೂ ನಿಂತು ಗೋಡೆಯ ಮೇಲಿನ ಹಲ್ಲಿ ನೋಡುತ್ತಿದ್ದ. ಅಕ್ಕ ಎಲ್ಲರಿಗಿಂತ ಹಿಂದೆ ನಿಂತು ಇದನ್ನೆಲ್ಲ ನೋಡಿ ಹಲ್ಲು ಕಡಿದಳು.

ಕೋಣೆಯಲ್ಲಿ ತಿರುಗದ ಫ್ಯಾನು, ಮೇಜು, ನಾಲ್ಕು ಕುರ್ಚಿ. ಹೊರಗಿನ ಬೆಂಚಿನ ಮೇಲೆ ಕ್ವಾರಿಯವನು ನಕ್ಷೆ ಸುತ್ತಿಕೊಂಡು ಕಾಯುತ್ತಿದ್ದ. ಮೇಡಂ ಆಗಲೇ ಬಂದು, ಸಾಕ್ಷಿಗೆಂದು ಒಂದು ಉದ್ದನೆಯ ತಗಡಿನ ಪೆಟ್ಟಿಗೆ ತಂದು ಮೇಜಿನ ನಡುವೆ ನಿಲ್ಲಿಸಿದ್ದರು. ಅದಕ್ಕೆ ಮುಂದಿನ ಮುಚ್ಚಳವಿಲ್ಲ. ಒಳಗೆ ದಿಬ್ಬದ ಒಂದು ಹೋಳು, ಬುಡದಿಂದ ತುದಿಯವರೆಗೆ ಕದಲದಂತೆ ಕೊಯ್ದು ತಂದದ್ದು. ಕೆಂಪು, ಕಪ್ಪು, ಕೆಂಪು, ಕಪ್ಪು. ಮೇಲೆ ಸ್ವಲ್ಪ ಹುಲ್ಲೂ ಇತ್ತು. ಮೇಜಿನ ಆ ಕಡೆ ದೊಡ್ಡವನು ಕೂತ, ಈ ಕಡೆ ಚಿಕ್ಕವನು. ಅಧಿಕಾರಿ ಗಡಿಯಾರ ನೋಡಿಕೊಂಡರು.

"ಸುತ್ತಿ ಬಳಸೋದು ಬೇಡ. ದಿಬ್ಬ ಉಳಿಯಬೇಕೋ ಬೇಡವೋ?"

"ಉಳೀಬೇಕು!" ಎಂದು ಇಬ್ಬರೂ ಒಂದೇ ಉಸಿರಿಗೆ ಕೂಗಿದರು.

ಕೂಗಿ ಇಬ್ಬರೂ ಬೆಪ್ಪಾದರು. ಜಗಳಕ್ಕೆ ತೋಳೇರಿಸಿ ಬಂದವರಿಗೆ ಎದುರಾಳಿಯೇ ಇಲ್ಲ. ಇಬ್ಬರ ಕಣ್ಣೂ ನಿಧಾನವಾಗಿ ಅಕ್ಕನ ಕಡೆಗೆ ತಿರುಗಿದವು. ಅಕ್ಕ ತಿರುಗದ ಫ್ಯಾನನ್ನೇ ನೋಡುತ್ತಿದ್ದಳು.

"ಹಾಗಾದ್ರೆ ನಾನು ಸ್ವಲ್ಪ ಯೋಚನೆ ಮಾಡಬೇಕಾಗುತ್ತೆ" ಅಂದ ದೊಡ್ಡವನು.

"ನಾನೂ" ಅಂದ ಚಿಕ್ಕವನು.

"ಏನು ಯೋಚನೆ?" ಅಧಿಕಾರಿ ರೇಗಿದರು. "ಇನ್ನೊಂದು ವಿಷಯ ಇದೆ. ಒಪ್ಪಿಗೆ ಆದ ಮೇಲೆ ದಿಬ್ಬವನ್ನ ಕಂಡಕಂಡಲ್ಲಿ ತುಳಿಯೋ ಹಾಗಿಲ್ಲ. ದಾಟೋಕೆ ಒಂದೇ ಒಂದು ಕಡೆ ದಾರಿ. ಎಲ್ಲಿ ಅಂತ ನೀವಿಬ್ಬರೂ ಮಾತಾಡ್ಕೊಂಡು ಈಗಲೇ ಹೇಳಬೇಕು. ಮಾತಾಡಿ."

ಮಾತಾಡಿ ಅಂದರೆ ಆಯಿತೆ? ಇಬ್ಬರೂ ತಮ್ಮ ತಮ್ಮ ಉಗುರು ನೋಡುತ್ತ ಕೂತರು. ಅಧಿಕಾರಿ ಪೆನ್ನು ಮುಚ್ಚಿದರು. ಹೊರಗಿನ ಬೆಂಚು ಕಿರುಗುಟ್ಟಿತು. ಕ್ವಾರಿಯವನು ಎದ್ದು ಬಾಗಿಲ ಹತ್ತಿರ ಬಂದು ನಿಂತ. ಆಗಿಹೋಯಿತು, ಇಷ್ಟು ದೂರ ಬಂದು ಎಲ್ಲ ನೀರಿನಲ್ಲಿ ಹೋಮವಾಯಿತು ಎಂದುಕೊಂಡಳು ಅಕ್ಕ.

ದೊಡ್ಡವನು ಕೆಮ್ಮಿದ. ತಲೆ ಬಗ್ಗಿಸಿ, ತಗಡಿನ ಪೆಟ್ಟಿಗೆಯ ಕಡೆ ತಿರುಗಿದ.

"ಏ ದಿಬ್ಬ" ಅಂದ.

ತಮ್ಮನ್ನೇ ಕರೆದನೆಂದುಕೊಂಡು ಅಧಿಕಾರಿ ತಲೆ ಎತ್ತಿದರು.

"ಕೆಳಗೆ ತೊರೆ ಹತ್ತಿರ ದಾರಿ ಬಿಡೋಣ ಅಂತ ಹೇಳು. ಅಲ್ಲಿ ನೆಲ ಸಮ ಇದೆ. ಮೇಲೆ ಬಿಟ್ರೆ ಕೆಲವರಿಗೆ ಹತ್ತೋಕಾಗಲ್ಲ."

ಚಿಕ್ಕವನು ಪೆಟ್ಟಿಗೆಯತ್ತ ಬಗ್ಗಿದ. "ಕೆಲವರಿಗೆ ಯಾಕೆ ಹತ್ತೋಕಾಗಲ್ಲ ಅಂತ ಕೇಳು."

"ಅದೆಲ್ಲ ಈಗ ಯಾಕೆ ಅಂತ ಹೇಳು."

"ಈಗಲೇ ಬೇಕು ಅಂತ ಹೇಳು! ಏಣಿ ಹಾಳಾಗಿ ಹೋಗಲಿ. ಮುರಿದಿತ್ತೋ, ನಾನೇ ಮುರಿದೆನೋ, ಬೆಂಕಿ ಬೀಳಲಿ ಅದಕ್ಕೆ. ನಾನು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ, ಮನೇಲಿ ಮಲಗಿದ್ದಲ್ಲೇ ಮಲಗಿದ್ದಾಗ, ಕಾಲು ಹ್ಯಾಗಿದೆ ಅಂತ ಒಂದು ದಿನ ಒಂದು ಮಾತು ಕೇಳಿದನಾ ಕೇಳು. ಒಂದೇ ಒಂದು ಮಾತು!"

ದೊಡ್ಡವನು ಪೆಟ್ಟಿಗೆಯ ಅಂಚಿನಿಂದ ಉದುರಿದ್ದ ಕೆಂಪು ಮಣ್ಣಿನ ಹರಳೊಂದನ್ನು ಬೆರಳಿನಿಂದ ಒತ್ತುತ್ತಿದ್ದ. ಬಾಯಿ ತೆರೆದ, ಮುಚ್ಚಿದ. ಅಕ್ಕನಿಗೆ ತಡೆಯಲಾಗಲಿಲ್ಲ. ಆಣೆ ಭಾಷೆ ಎಲ್ಲ ಗಾಳಿಗೆ ಹೋಯಿತು.

"ವಾರ ವಾರ ಕೇಳ್ತಾನೆ ಕಣೋ!" ಎಂದು ಕಿರುಚಿದಳು. "ಹತ್ತು ವರ್ಷದಿಂದ ಒಂದು ವಾರ ಬಿಟ್ಟಿಲ್ಲ! ಕುಂಟ್ತಾನಾ, ಚಳಿಗೆ ನೋಯುತ್ತಾ, ಡಾಕ್ಟರು ಏನಂದ್ರು, ಎಲ್ಲ ಕೇಳ್ತಾನೆ. ನಾನು ಕೇಳಿದೆ ಅಂತ ಹೇಳಬೇಡ ಅಂತ ನನ್ನ ಬಾಯಿಗೆ ಬೀಗ ಹಾಕಿದಾನೆ. ಸಾಕಾಗಿದೆ ನನಗೆ. ನಿಮ್ಮಿಬ್ಬರ ಮಧ್ಯೆ ನಾನೂ ಒಂದು ದಿಬ್ಬ ಆಗಿಹೋಗಿದೀನಿ!"

ಚಿಕ್ಕವನು ಅಕ್ಕನನ್ನು ನೋಡಿದ. ಕಣ್ಣು ಕೆಂಪಗಾಗಿತ್ತು, ಆದರೆ ಹಟ ಬಿಡಲಿಲ್ಲ.

"ನಿನ್ನ ಕೇಳಿದ್ರೆ ಏನು ಬಂತು?" ಅಂದ. "ಕಾಲು ನನ್ನದು."

ಆಮೇಲೆ ಪೆಟ್ಟಿಗೆಯತ್ತ ತಿರುಗಿ ಅಂದ: "ತೊರೆ ಹತ್ತಿರವೇ ಇರಲಿ ಅಂತ ಹೇಳು."

"ಒಪ್ಪಿಗೆ ಅಂತ ಹೇಳು" ಅಂದ ದೊಡ್ಡವನು.

ಅಧಿಕಾರಿ ಒಂದು ಕ್ಷಣ ಪೆಟ್ಟಿಗೆಯನ್ನೇ ನೋಡಿದರು, ಅದೂ ಏನಾದರೂ ಹೇಳುತ್ತದೋ ಎಂಬಂತೆ. ಆಮೇಲೆ ಬರೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ಕ್ವಾರಿಯವನು ನಕ್ಷೆ ಬಗಲಿಗೆ ಸಿಕ್ಕಿಸಿಕೊಂಡು ದಡದಡ ಮೆಟ್ಟಿಲಿಳಿದು ಹೋದ. ಮೇಡಂ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತುತ್ತ ಅಕ್ಕನ ಹತ್ತಿರ ಬಂದು, "ಗಿಡ್ಡ ಯಾಕೆ ಕಟ್ಟಿದ್ರು ಅಂತ ಕೇಳ್ತಿದ್ದೆನಲ್ಲ" ಎಂದು ಏನೋ ಹೇಳಲು ಹೊರಟರು. "ಮೇಡಂ, ನಿಮ್ಮ ದಮ್ಮಯ್ಯ, ಇನ್ನೊಂದು ದಿನ" ಅಂದಳು ಅಕ್ಕ. ಅವಳ ತಲೆ ಸಿಡಿಯುತ್ತಿತ್ತು.

ಅಕ್ಕನ ಪೇಟೆ ಹಾದು ತಮ್ಮಂದಿರ ಊರಿಗೆ ಹೋಗಲು ಆ ಹೊತ್ತಿಗೆ ಇದ್ದದ್ದು ಒಂದೇ ಬಸ್ಸು. ಖಾಲಿ ಇದ್ದದ್ದು ಮೂವರು ಕೂರುವ ಒಂದೇ ಸೀಟು. ಕಿಟಕಿಯ ಪಕ್ಕ ಚಿಕ್ಕವನು ಕೂತ; ಮಡಚದ ಕಾಲು ಮುಂದಿನ ಸೀಟಿನ ಕಂಬಿಗೆ ಒತ್ತಿಕೊಂಡು, ಬಸ್ಸು ಗುಂಡಿ ಹಾರಿದಾಗೆಲ್ಲ ಹಲ್ಲು ಕಚ್ಚುತ್ತಿದ್ದ. ಈ ತುದಿಯಲ್ಲಿ ದೊಡ್ಡವನು, ಅವನದು ಆನೆ ಮೈ. ನಡುವೆ ಅಕ್ಕ, ಕಬ್ಬಿನ ಗಾಣಕ್ಕೆ ಸಿಕ್ಕ ಹಾಗೆ. ಬೆಳಗ್ಗೆಯಿಂದ ನಿಂತು ನಿಂತು ಅವಳ ಪಾದ ಊದಿತ್ತು. ಕಣ್ಣು ಮುಚ್ಚಿ ಸ್ವಲ್ಪ ಒರಗಿದಳು. ದಿಬ್ಬ ಉಳಿಯಿತು. ಇನ್ನು ಅವರ ಪಾಡು ಅವರದು.

ದೊಡ್ಡವನು ಮೊಣಕೈಯಿಂದ ತಿವಿದ. "ಅಕ್ಕಾ. ಇಲ್ಲಿ ಕೇಳು. ಅವನಿಗೆ ಹೇಳು—"

ಅಷ್ಟೇ ಸಾಕಾಯಿತು. ಅಕ್ಕ ಕಣ್ಣು ತೆರೆದಳು. ಚೀಲ ಎತ್ತಿಕೊಂಡಳು. ಓಡುವ ಬಸ್ಸಿನಲ್ಲಿ ದೊಡ್ಡವನ ಮಂಡಿ ತುಳಿದುಕೊಂಡೇ ಹೊರಗೆ ಬಂದು ಕಂಬಿ ಹಿಡಿದು ನಿಂತಳು.

"ಹೇಳಲ್ಲ" ಅಂದಳು. "ಇಲ್ಲಿ ದಿಬ್ಬ ಇಲ್ಲ, ಪೆಟ್ಟಿಗೆ ಇಲ್ಲ, ಅಕ್ಕನೂ ಇಲ್ಲ. ಏನು ಬೇಕಾದ್ರೂ ಮಾಡ್ಕೊಂಡು ಸಾಯಿರಿ."

ಬೆನ್ನು ತಿರುಗಿಸಿ ಡ್ರೈವರನ ತಲೆಯನ್ನೇ ನೋಡುತ್ತ ನಿಂತಳು. ಒಂದು ನಿಲ್ದಾಣ ಬಂತು, ಹೋಯಿತು. ಇನ್ನೊಂದು ಬಂತು. ಕಂಡಕ್ಟರು ಬಂದು, "ಸೀಟು ಖಾಲಿ ಇದೆಯಲ್ಲಮ್ಮ, ಕೂತ್ಕೊಳ್ಳಿ" ಅಂದ. "ನಿನ್ನ ಕೆಲಸ ನೋಡ್ಕೋ ಹೋಗಪ್ಪ" ಅಂದಳು. ಬಸ್ಸು ಸೇತುವೆ ದಾಟಿತು. ಅಕ್ಕ ಇನ್ನು ತಿರುಗಿ ನೋಡಿ ಬೈಯಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ದನಿ ಬಂತು, ಒರಟಾಗಿ, ಬೈಗುಳದಂತೆಯೇ.

"ಕಾಲು ಹ್ಯಾಗಿದೆಯೋ?"

ಅಕ್ಕ ತಿರುಗಲಿಲ್ಲ.

ಬಸ್ಸು ಇನ್ನೊಂದು ಗುಂಡಿ ಹಾರಿತು. ಆಗ ಚಿಕ್ಕವನು ಅಂದ: "ಮಡಚೋಕಾಗಲ್ಲ. ಇಲ್ಲಿ ಕಂಬಿ ಒತ್ತುತ್ತಾ ಇದೆ." ಆಮೇಲೆ, "ಸ್ವಲ್ಪ ಆ ಕಡೆ ಸರಿ."

ಸೀಟು ಕಿರುಗುಟ್ಟಿತು. ಅಕ್ಕ ಓರೆಗಣ್ಣಿನಲ್ಲಿ ನೋಡಿದಳು. ದೊಡ್ಡವನು ಆ ಆನೆ ಮೈಯನ್ನು ಸೀಟಿನ ಅಂಚಿಗೆ ತಂದು, ಅರ್ಧ ಒಳಗೆ ಅರ್ಧ ಹೊರಗೆ ಕೂತು, ಬೀಳದಂತೆ ಕಂಬಿ ತಬ್ಬಿಕೊಂಡಿದ್ದ. ಅವಳು ಬಿಟ್ಟು ಬಂದ ಜಾಗದಲ್ಲಿ ಚಿಕ್ಕವನ ಕಾಲು ಓರೆಯಾಗಿ, ಚಪ್ಪಲಿ ಸಮೇತ, ಉದ್ದಕ್ಕೆ ಮಲಗಿತ್ತು.

"ಇಷ್ಟು ಸಾಕಾ?"

"ಇನ್ನೂ ಸ್ವಲ್ಪ."

ದೊಡ್ಡವನು ಇನ್ನೂ ಸ್ವಲ್ಪ ಸರಿದ.

ಅಕ್ಕ ಮುಖವನ್ನು ಕಂಬಿಗೆ ಒತ್ತಿ ಹಿಡಿದಳು. ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. ಎರಡು ಮಾತು. ಇಷ್ಟಕ್ಕೆ ಹತ್ತು ವರ್ಷ, ಒಂದು ದಿಬ್ಬ, ಒಬ್ಬ ಅಧಿಕಾರಿ, ಮೂರು ಮಹಡಿ! ಅವಳ ಪೇಟೆ ಬರಲು ಇನ್ನೂ ಮುಕ್ಕಾಲು ದಾರಿ ಉಳಿದಿತ್ತು. ಅಷ್ಟು ದೂರವೂ ಅವಳು ನಿಂತೇ ಬಂದಳು. ಅಕ್ಕನ ಕಾಲು ಹೇಗಿದೆ ಎಂದು ಮಾತ್ರ ಇಬ್ಬರಲ್ಲಿ ಯಾರೂ ಕೇಳಲಿಲ್ಲ.